ಸಾರವೆ ಕಟ್ಟಿದ ಮ್ಯೂಸಿಯಂನಲ್ಲಿ ಎರಡು ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಇದೇ ಹಾಸನದ ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಹೇಳಿಕೊಟ್ಟವನು. 2023ರ ಬೇಸಿಗೆಯಲ್ಲಿ ಹೆಂಡತಿಯ ಜೊತೆ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೆ. ವಾಷಿಂಗ್ಟನ್ನಿನ ವಿಮಾನ ಮ್ಯೂಸಿಯಂ ತೋರಿಸಲೇಬೇಕು ಅಂತ ಹೊರಡುವ ಮೊದಲೇ ಅವನಿಗೆ ಹೇಳಿಟ್ಟಿದ್ದೆ. ಅಲ್ಲಿಗೆ ಹೋದ ಮೇಲೆ ಅವನು ರಾಗ ಎಳೆದ: "ಅಪ್ಪಾ, ಅಲ್ಲಿ ದೊಡ್ಡ ರಿಪೇರಿ ನಡೀತಿದೆ, ಅರ್ಧ ಮುಚ್ಚಿಬಿಟ್ಟಿದ್ದಾರೆ. ಇನ್ನೊಂದು ಸಲ ಬಂದಾಗ ನೋಡೋಣ."

"ರಿಪೇರಿ ನಡೀತಿದ್ದರೆ ಇವತ್ತೇ ನಡಿ" ಅಂದೆ.

ನನಗೆ 2018ರ ಶ್ರವಣಬೆಳಗೊಳ ನೆನಪಾಗಿತ್ತು. ಮಹಾಮಸ್ತಕಾಭಿಷೇಕಕ್ಕೆ ಕಟ್ಟಿದ್ದ ಅಟ್ಟಣಿಗೆ ಹತ್ತಿದ ದಿನ ಗೊಮ್ಮಟನ ಗುಂಗುರು ಕೂದಲಿನ ಒಂದೊಂದು ಸುರುಳಿಯನ್ನೂ ಕಣ್ಣಳತೆಯಲ್ಲಿ ಕಂಡಿದ್ದೆ. ಚಿಕ್ಕಂದಿನಿಂದ ಎಷ್ಟು ಸಲ ಆ ಬೆಟ್ಟ ಹತ್ತಿದ್ದರೂ ಉಳಿ ಹಿಡಿದವನ ಕೈಚಳಕ ಅಷ್ಟು ಹತ್ತಿರದಿಂದ ಕಂಡದ್ದು ಅಂದೇ.

ಸ್ಮಿತ್ಸೋನಿಯನ್ ಸಂಸ್ಥೆಯ ಈ ಮ್ಯೂಸಿಯಂ ಬಾಗಿಲು ತೆರೆದದ್ದು 1976ರ ಜುಲೈ 1ರಂದು. ವರ್ಷಕ್ಕೆ 70 ಲಕ್ಷ ಜನ ಬಂದದ್ದೂ ಉಂಟು. ಅಷ್ಟು ಜನರ ಓಡಾಟಕ್ಕೆ ಎಸಿ ಯಂತ್ರಗಳು ಸವೆದವು. ಹೊರಗೋಡೆಗೆ ಹಚ್ಚಿದ್ದ ತೆಳು ಅಮೃತಶಿಲೆಯ ಹಲಗೆಗಳು ಬಿಸಿಲಿಗೂ ಹಿಮಕ್ಕೂ ಸೊಟ್ಟಗಾಗಿ ಬಿರುಕುಬಿಟ್ಟವು. ಹಳೇಬೀಡಿನ ಬಳಪದ ಕಲ್ಲು ಒಂಬೈನೂರು ವರ್ಷದಿಂದ ನಿಂತಿರುವುದನ್ನು ಕಂಡ ನಮಗೆ ನಲವತ್ತೇ ವರ್ಷಕ್ಕೆ ಕಲ್ಲು ಬಾಗಿತು ಅಂದರೆ ನಂಬುವುದು ಕಷ್ಟ. ಆದರೆ ಅದು ಮೇಲೆ ಹೊದಿಸಿದ ಕಲ್ಲು, ಭಾರ ಹೊರುವ ಕಲ್ಲಲ್ಲ. 2018ರಲ್ಲಿ ಕೆಲಸ ಶುರುವಾಯಿತು. 2022ರ ಮಾರ್ಚ್‌ನಲ್ಲಿ ಇಡೀ ಕಟ್ಟಡ ಮುಚ್ಚಿ, ಅದೇ ಅಕ್ಟೋಬರ್ 14ರಂದು ಪಶ್ಚಿಮದ ಭಾಗವನ್ನು ಮಾತ್ರ ತೆರೆದಿದ್ದರು. ಪ್ರವೇಶಕ್ಕೆ ಕಾಸಿಲ್ಲ. ಆಗ ಇಂಥ ದಿನ ಇಂಥ ಹೊತ್ತು ಅಂತ ಮೊದಲೇ ಪಾಸ್ ಪಡೆದಿರಬೇಕಿತ್ತು, ಅಷ್ಟೆ.

ಒಳಗೆ ಒಂದು ಕಡೆ ಹೊಸ ದೀಪ, ಹೊಸ ನೆಲ. ಇನ್ನೊಂದು ಕಡೆ ಎತ್ತರಕ್ಕೆ ಅಡ್ಡಗೋಡೆ. ಅದರಾಚೆಯಿಂದ ಡ್ರಿಲ್ಲಿನ ಸದ್ದು. ನನ್ನಾಕೆ ಕಿವಿ ಮುಚ್ಚಿಕೊಂಡಳು. ನನಗೆ ಮಾತ್ರ ನಮ್ಮ ವರ್ಕ್‌ಶಾಪಿಗೇ ಬಂದ ಹಾಗಾಯಿತು.

ಮೊದಲು ಹೋದದ್ದು ರೈಟ್ ಸಹೋದರರ ವಿಮಾನದ ಹತ್ತಿರ. 1903ರ ಡಿಸೆಂಬರ್ 17ರಂದು ಹನ್ನೆರಡು ಸೆಕೆಂಡು, 120 ಅಡಿ ಹಾರಿದ ಆ ವಿಮಾನವೇ ಅದು, ಮಾದರಿಯಲ್ಲ. ನೆಲದ ಮಟ್ಟದಲ್ಲೇ ಇಟ್ಟಿದ್ದಾರೆ. ಮರದ ಚೌಕಟ್ಟು, ಅದಕ್ಕೆ ಬಿಗಿದ ಹತ್ತಿಯ ಮಸ್ಲಿನ್ ಬಟ್ಟೆ, ಎಂಜಿನ್ನಿನಿಂದ ಪ್ರೊಪೆಲರ್‌ಗಳಿಗೆ ಸೈಕಲ್ಲಿನದರಂಥ ಚೈನು. ಆ ಎಂಜಿನ್ ಮಾಡಿದವನು ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಮಿಕ್ಕಿದ್ದು ಕೈಯ ಹದ. ಆರು ವಾರದಲ್ಲಿ ಹನ್ನೆರಡು ಅಶ್ವಶಕ್ತಿಯ ಎಂಜಿನ್ ಎಬ್ಬಿಸಿ ನಿಲ್ಲಿಸಿದ. ರೈಟ್ ಸಹೋದರರ ಹೆಸರು ಗೊತ್ತಿಲ್ಲದ ಮಕ್ಕಳಿಲ್ಲ. ಟೇಲರ್ ಹೆಸರನ್ನು ನಾನು ಪ್ರತಿ ವರ್ಷ ಹೊಸ ಬ್ಯಾಚಿನ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದೆ.

ಈಗ ರೆಕ್ಕೆಯ ಮೇಲಿರುವ ಬಟ್ಟೆ ಮೊದಲಿನದಲ್ಲ, 1985ರಲ್ಲಿ ಹೊಸದಾಗಿ ಹೊದಿಸಿದ್ದು. ಮೊದಲ ಬಟ್ಟೆಯ ತುಣುಕೊಂದನ್ನು ನೀಲ್ ಆರ್ಮ್‌ಸ್ಟ್ರಾಂಗ್ 1969ರಲ್ಲಿ ತನ್ನ ಜೊತೆ ಚಂದ್ರನವರೆಗೆ ಒಯ್ದಿದ್ದ. ಚಂದ್ರನ ಮೇಲೆ ಅವನು ತೊಟ್ಟಿದ್ದ ಉಡುಪೂ ಇದೇ ಕಟ್ಟಡದಲ್ಲಿದೆ. ಅದನ್ನು ಕೆಡದಂತೆ ಕಾಪಾಡುವ ಕೆಲಸಕ್ಕೆ ಕೈಹಾಕಿದಾಗ ಅದಕ್ಕೆ ಮೆತ್ತಿದ್ದ ಚಂದ್ರನ ಧೂಳನ್ನು ಒರೆಸದೆ ಹಾಗೇ ಉಳಿಸಿಕೊಂಡರು. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ರಿಪೇರಿ ಅಂದರೆ ತಿಕ್ಕಿ ಹೊಳೆಯಿಸುವುದು ಅಂತಲೇ ನಾನೂ ಬಹಳ ವರ್ಷ ನಂಬಿದ್ದೆ.

ಮರುದಿನ ಮಗ ಊರ ಹೊರಗೆ ವಿಮಾನ ನಿಲ್ದಾಣದ ಪಕ್ಕದಲ್ಲಿರುವ, ಇದೇ ಮ್ಯೂಸಿಯಂನ ಎರಡನೆಯ ಕಟ್ಟಡಕ್ಕೆ ಕರೆದುಕೊಂಡು ಹೋದ. ಉಡ್ವರ್-ಹೇಜಿ ಕೇಂದ್ರ ಅಂತ ಅದರ ಹೆಸರು. ಅಲ್ಲಿ ಮೇಲಿನ ಅಂತಸ್ತಿನ ಗಾಜಿನ ಹಿಂದೆ ನಿಂತರೆ ಕೆಳಗೆ ರಿಪೇರಿ ಶೆಡ್ಡು ಇಡೀ ಕಾಣುತ್ತದೆ. ಎರಡನೆಯ ಮಹಾಯುದ್ಧದ ಬಾಂಬರ್ ಒಂದು, 'ಫ್ಲಾಕ್ ಬೇಟ್' ಅಂತ, ಭಾಗಭಾಗವಾಗಿ ಅಲ್ಲಿತ್ತು. ಇನ್ನೂರಕ್ಕೂ ಹೆಚ್ಚು ಸಲ ಕಾಳಗಕ್ಕೆ ಹೋಗಿ ವಾಪಸು ಬಂದ ವಿಮಾನ. ಶತ್ರುಗಳ ಹೊಡೆತಕ್ಕೆ ಮೈಮೇಲೆ ಸಾವಿರಕ್ಕೂ ಹೆಚ್ಚು ತೂತು ಬಿದ್ದಿದ್ದವು. ಯುದ್ಧದ ನಡುವೆ ಯಾರೋ ಸೈನಿಕ ಮೆಕ್ಯಾನಿಕ್ಕುಗಳು ರಾತ್ರಿ ಹಗಲೆನ್ನದೆ ಆ ತೂತುಗಳಿಗೆ ತಗಡಿನ ತೇಪೆ ಹಾಕಿದ್ದಾರೆ. ಇಂದಿನವರು ಆ ತೇಪೆಯನ್ನಾಗಲಿ, ಮಾಸಿದ ಬಣ್ಣವನ್ನಾಗಲಿ ಕೀಳುವುದಿಲ್ಲ. ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸ. ಹೆಸರಿಲ್ಲದ ಆ ಮೆಕ್ಯಾನಿಕ್ಕಿನ ರಿವೆಟ್ಟಿಗೂ ಮ್ಯೂಸಿಯಂನಲ್ಲಿ ಜಾಗವಿದೆ ಅಂತ ಕಂಡಾಗ, ಸುಳ್ಳಾಡುವುದೇಕೆ, ಗಂಟಲು ಕಟ್ಟಿತು.

ಅದೇ ಕಟ್ಟಡದಲ್ಲಿ ಡಿಸ್ಕವರಿ ನೌಕೆ ಇದೆ. ಮೂವತ್ತೊಂಬತ್ತು ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದು. ವಾಪಸು ಇಳಿಯುವಾಗ ವಾತಾವರಣದ ಬೆಂಕಿಗೆ ಕರಕಲಾದ, ಮೈಮೇಲಿನ ಶಾಖ ತಡೆಯುವ ಹೆಂಚುಗಳನ್ನು ತೊಳೆಯದೆ ಹಾಗೇ ಬಿಟ್ಟಿದ್ದಾರೆ. ಅದರ ಮುಂದೆ ನಿಂತು ನನ್ನಾಕೆಗೆ ನಮ್ಮೂರಿನ ಕಥೆ ಹೇಳಿದೆ. 1983ರ ಆಗಸ್ಟ್ ಕೊನೆಯಲ್ಲಿ ಇಂಥದೇ ಇನ್ನೊಂದು ನೌಕೆ, ಚಾಲೆಂಜರ್, ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಒಯ್ದಿತ್ತು. ಮೇಲೆ ಹೋದ ಉಪಗ್ರಹದ ಸೌರಫಲಕ ಸರಿಯಾಗಿ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ ಮಧ್ಯದವರೆಗೂ ಪಟ್ಟುಹಿಡಿದು, ಆದೇಶಗಳನ್ನು ಕಳಿಸಿ ಕಳಿಸಿ ಅದನ್ನು ಬಿಚ್ಚಿಸಿದ್ದು ನಮ್ಮ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ. ಸಾವಿರಾರು ಕಿಲೋಮೀಟರ್ ಮೇಲೆ, ಕೈಗೆ ಎಟುಕದ ಜಾಗದಲ್ಲಿ ರಿಪೇರಿ! "ನಮ್ಮ ಹಾಸನದಿಂದಲಾ?" ಅಂತ ಅವಳು ಎರಡು ಸಲ ಕೇಳಿದಳು. ದಿನಾ ಬಸ್ಸಿನಿಂದ ಆ ಬಿಳಿ ಆಂಟೆನಾಗಳನ್ನು ನೋಡಿಕೊಂಡೇ ಓಡಾಡಿದವಳು.

ಕೇಳುಗರಲ್ಲಿ ಅಪ್ಪ ಅಮ್ಮಂದಿರು ಇದ್ದರೆ ಒಂದು ಮಾತು. ಇಂಥದನ್ನು ಕಾಣಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ. ನಮ್ಮವರೇ ಕಟ್ಟಿದ್ದು, 1961ರ ಜೂನ್ 17ರಂದು ಮೊದಲ ಸಲ ಹಾರಿದ್ದು. ದಸರಾ ರಜೆಗೆ ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅವನು ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆಮೇಲೆ ಇಬ್ಬರೂ ರೆಕ್ಕೆಯ ಕೆಳಗೆ ಬಗ್ಗಿ ರಿವೆಟ್ಟಿನ ಸಾಲನ್ನು ಒಂದೊಂದಾಗಿ ಎಣಿಸುತ್ತೇವೆ.

ನಮಸ್ಕಾರ.