ಕೆಪಂಜೆನ್‌ನಲ್ಲಿ ಎಂಟು ರೂಮು, ಒಂದು ಕಬ್ಬಿನ ಗದ್ದೆ

ಬೆಳಗ್ಗೆ ಆರೂವರೆ. ನಮ್ಮ ಗೇಟಿನಿಂದ ಸ್ಕೂಟರ್‌ಗಳು ಒಂದೊಂದಾಗಿ ಹೊರಗೆ ಹೋಗುತ್ತಿವೆ, ನೋಡಿ. ಎಲ್ಲರ ಮೈಮೇಲೂ ಖಾಕಿ. ಪೊಲೀಸರಲ್ಲ, ಜಿಲ್ಲಾ ಕಚೇರಿಯ ನೌಕರರು. ಸೋಮವಾರ, ಮಂಗಳವಾರ ಖಾಕಿ. ಬುಧವಾರ ಬಿಳಿ ಅಂಗಿ. ಆಮೇಲೆ ಬಾಟಿಕ್. ಈ ಊರಲ್ಲಿ ಇವತ್ತು ಯಾವ ವಾರ ಅಂತ ತಿಳಿಯೋಕೆ ಕ್ಯಾಲೆಂಡರ್ ಬೇಡ, ರಸ್ತೆ ಕಡೆ ಕಣ್ಣು ಹಾಯಿಸಿದರೆ ಸಾಕು.

ಎಲ್ಲರಿಗೂ ನಮಸ್ಕಾರ. ಇದು ಕೆಪಂಜೆನ್. ಇಂಡೋನೇಷ್ಯಾದ ಪೂರ್ವ ಜಾವಾ, ಮಲಾಂಗ್ ನಗರದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್. ಮಲಾಂಗ್ ಅನ್ನೋ ಹೆಸರಲ್ಲಿ ನಗರ ಬೇರೆ, ಜಿಲ್ಲೆ ಬೇರೆ. ಜಿಲ್ಲೆಯ ಕಚೇರಿಗಳೆಲ್ಲ ಮೊದಲು ನಗರದೊಳಗೇ ಇದ್ದವು. 2008ರಲ್ಲಿ ಸರ್ಕಾರ ಜಿಲ್ಲಾ ಕೇಂದ್ರವನ್ನು ಕೆಪಂಜೆನ್‌ಗೆ ತಂದಿತು. ಬೆಂಗಳೂರು ಗ್ರಾಮಾಂತರದ ಕಚೇರಿಗಳು ಬೆಂಗಳೂರು ಬಿಟ್ಟು ದೇವನಹಳ್ಳಿ ಕಡೆ ಹೋದವಲ್ಲ, ಹಾಗೇ. ಕಬ್ಬಿನ ಗದ್ದೆಗಳ ನಡುವೆ ಕಚೇರಿಗಳು ಎದ್ದವು. ಈಗ 33 ತಾಲೂಕುಗಳ ಜನ ಒಂದು ಸಹಿಗೆ, ಒಂದು ಸೀಲಿಗೆ ಇಲ್ಲಿಗೇ ಬರಬೇಕು. ಜಿಲ್ಲೆಯ ಮುಖ್ಯಸ್ಥನಿಗೆ ಇಲ್ಲಿ ‘ಬುಪಾತಿ’ ಅಂತಾರೆ. ನಮ್ಮ ಭೂಪತಿಯೇ ಅದು. ಮೊದಲ ಸಲ ಬೋರ್ಡಿನಲ್ಲಿ ಓದಿದಾಗ ಊರಿನವರೊಬ್ಬರು ಸಿಕ್ಕ ಹಾಗಾಯಿತು.

ನಾನು ಮಂಡ್ಯದವನು. ಇದೇ ಪೂರ್ವ ಜಾವಾದ ಸುರಬಯಾ ನಗರದಲ್ಲಿ ಕೆಲಸದಲ್ಲಿದ್ದಾಗ ನನ್ನ ಹೆಂಡತಿಯ ಪರಿಚಯವಾಯಿತು. ಕೆಪಂಜೆನ್ ಅವಳ ತವರು. 2017ರಿಂದ ನಾವು ಇಲ್ಲೇ ಇದ್ದೇವೆ, ಅತ್ತೆಯ ಜೊತೆ.

‘ಸರ್, ಅಲ್ಲಿ ಜಮೀನು ತಗೋಬಹುದಾ?’ ಅಂತ ತುಂಬಾ ಜನ ಕೇಳುತ್ತಿರುತ್ತೀರಿ. ಅದಕ್ಕೇ ಇವತ್ತಿನ ವಿಡಿಯೋ.

ನೇರವಾಗಿ ಹೇಳಿಬಿಡುತ್ತೇನೆ. ಹೊರದೇಶದವರ ಹೆಸರಿಗೆ ಇಲ್ಲಿ ಪೂರ್ತಿ ಒಡೆತನದ ಜಮೀನು ಆಗುವುದಿಲ್ಲ. 1960ರ ಭೂ ಕಾನೂನಿನ ಪ್ರಕಾರ ‘ಹಕ್ ಮಿಲಿಕ್’, ಅಂದರೆ ಪೂರ್ತಿ ಒಡೆತನ, ಈ ದೇಶದ ಪ್ರಜೆಗಳಿಗೆ ಮಾತ್ರ. ಇಲ್ಲಿ ವಾಸ ಮಾಡುವ ಪರವಾನಗಿ ಇದ್ದರೆ ‘ಹಕ್ ಪಾಕೈ’ ಅನ್ನುವ ಬಳಕೆಯ ಹಕ್ಕು ಸಿಗಬಹುದು, ಇಲ್ಲವಾದರೆ ಭೋಗ್ಯಕ್ಕೆ ಹಿಡಿಯಬಹುದು. ‘ನಮ್ಮವನೊಬ್ಬನ ಹೆಸರಲ್ಲಿ ಮಾಡಿಸೋಣ, ಒಳಗೊಳಗೇ ಒಂದು ಒಪ್ಪಂದ ಬರ್ಕೊಳ್ಳೋಣ’ ಅಂತ ದಲ್ಲಾಳಿಗಳು ಬರುತ್ತಾರೆ. ದಯವಿಟ್ಟು ಒಪ್ಪಬೇಡಿ. ಕಾನೂನಿನ ಕಣ್ಣಿಗೆ ಅಂಥ ವ್ಯವಹಾರ ನಡೆದೇ ಇಲ್ಲ. ಜಮೀನು ಸರ್ಕಾರಕ್ಕೆ ಹೋಗುತ್ತೆ, ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

ಇಲ್ಲಿಯವರನ್ನು ಮದುವೆಯಾದರೂ ಒಂದು ತೊಡಕಿದೆ. ಗಂಡ ಹೆಂಡತಿ ಮದುವೆಯಾದ ಮೇಲೆ ಸಂಪಾದಿಸಿದ್ದು ಇಬ್ಬರದೂ ಅಂತ ಲೆಕ್ಕ, ಹಾಗಾಗಿ ಹೆಂಡತಿ ತಗೊಂಡ ಜಮೀನಲ್ಲೂ ಹೊರದೇಶದ ಗಂಡನ ಪಾಲು ಸೇರಿಬಿಡುತ್ತೆ, ಅಲ್ಲಿಗೆ ಅವಳ ಒಡೆತನಕ್ಕೂ ಕುತ್ತು. ಅದಕ್ಕೆ ಮದುವೆಗೆ ಮೊದಲೇ ನೋಟರಿ ಹತ್ತಿರ ಹೋಗಿ ಆಸ್ತಿ ಬೇರೆ ಬೇರೆ ಅಂತ ಕರಾರು ಮಾಡಿಸಬೇಕು. ನಾವು ಮಾಡಿಸಿದೆವು. ಆಗ ಮಾಡಿಸದೇ ಇದ್ದವರು ಮದುವೆಯ ನಂತರವೂ ಮಾಡಿಸಬಹುದು ಅಂತ ಇಲ್ಲಿನ ಸಂವಿಧಾನ ನ್ಯಾಯಾಲಯ 2016ರಲ್ಲಿ ಹೇಳಿದೆ.

ಹೀಗಾಗಿ ನೀವು ಈಗ ನೋಡುತ್ತಿರುವ ಯಾವುದೂ ನನ್ನ ಹೆಸರಲ್ಲಿಲ್ಲ. ನಮ್ಮಮ್ಮ ಫೋನಿನಲ್ಲಿ ಕೇಳಿದರು, ‘ಇಷ್ಟು ದುಡ್ಡು ಹಾಕಿದೀಯ, ನಿನ್ನ ಹೆಸರು ಎಲ್ಲೂ ಇಲ್ವಾ ಮಗಾ?’ ಇಲ್ಲಮ್ಮ, ಎಲ್ಲ ಅವಳ ಹೆಸರಲ್ಲೇ ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಹೆಣ್ಣುಮಗಳ ಹೆಸರಲ್ಲಿದ್ರೆ ಮನೆ ಗಟ್ಟಿ ಬಿಡು’ ಅಂದರು.

ಸರಿ, ದುಡ್ಡು ಹಾಕಿದ್ದು ಎಲ್ಲಿಗೆ? ಈ ಎಂಟು ರೂಮುಗಳಿಗೆ. ಇದನ್ನು ‘ಕೋಸ್’ ಅಂತಾರೆ, ತಿಂಗಳ ಬಾಡಿಗೆಯ ಒಂಟಿ ಕೋಣೆ. ನಮ್ಮದು ಹೆಣ್ಣುಮಕ್ಕಳಿಗೆ ಮಾತ್ರ. ಒಂದು ಮಂಚ, ಒಂದು ಬೀರು, ಪಕ್ಕದಲ್ಲೇ ಬಚ್ಚಲು. ಇಲ್ಲಿನ ದುಡ್ಡಿಗೆ ‘ರುಪಾಯ’ ಅಂತಾರೆ. ತಿಂಗಳಿಗೆ ಆರೂವರೆ ಲಕ್ಷ ರುಪಾಯ, ನಮ್ಮ ಲೆಕ್ಕದಲ್ಲಿ 3,400 ರೂಪಾಯಿ ಆಸುಪಾಸು. ಕಟ್ಟೋಕೆ ಸುಮಾರು 50 ಕೋಟಿ ರುಪಾಯ ಆಯಿತು. ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಅದು 26, 27 ಲಕ್ಷ. ರಿಪೇರಿ, ಖಾಲಿ ಬೀಳುವ ತಿಂಗಳು ಎಲ್ಲ ಕಳೆದರೆ ವರ್ಷಕ್ಕೆ 5 ಕೋಟಿ ರುಪಾಯ ಉಳಿಯುತ್ತೆ. ಹಾಕಿದ್ದು ವಾಪಸ್ ಬರೋಕೆ ಹತ್ತು ವರ್ಷ ಬೇಕು. ಬೇಗ ದುಡ್ಡು ಮಾಡಬೇಕು ಅನ್ನೋರಿಗೆ ಈ ಊರಲ್ಲ. ಆದರೆ ಸಂಬಳ ಒಂದನೇ ತಾರೀಖು ಬರುತ್ತೆ, ಬಾಡಿಗೆ ಐದರೊಳಗೆ ಬರುತ್ತೆ. ಕಚೇರಿ ಇರೋವರೆಗೂ ದೂರದ ಹಳ್ಳಿಯಿಂದ ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳಿಗೆ ರೂಮು ಬೇಕೇ ಬೇಕು.

ಪಾಯ ಹಾಕುವ ದಿನ ಗೊತ್ತು ಮಾಡಿದ್ದು ನಮ್ಮತ್ತೆ. ಜಾವಾದವರಿಗೆ ಏಳು ದಿನದ ವಾರದ ಜೊತೆಗೆ ಐದು ದಿನದ ಇನ್ನೊಂದು ವಾರ ಇದೆ: ಲೆಗಿ, ಪಹಿಂಗ್, ಪೊನ್, ವಗೆ, ಕ್ಲಿವೊನ್. ಹಿಂದೆ ಸಂತೆಗಳು ಇದರ ಪ್ರಕಾರವೇ ನಡೆಯುತ್ತಿದ್ದವು. ಎರಡೂ ಸೇರಿಸಿದರೆ 35 ದಿನದ ಸುತ್ತು. ನನ್ನ ಹೆಂಡತಿ ಹುಟ್ಟಿದ ದಿನ, ನಾನು ಹುಟ್ಟಿದ ದಿನ ಎರಡನ್ನೂ ಆ ಸುತ್ತಿನಲ್ಲಿ ಕೂಡಿ ಕಳೆದು ಅತ್ತೆ ಒಂದು ಗುರುವಾರ ಹೇಳಿದರು. ಮಂಡ್ಯದಲ್ಲಾಗಿದ್ದರೆ ಪಂಚಾಂಗ ತೆಗೆಯುತ್ತಿದ್ದೆವು, ಅಷ್ಟೇ ತಾನೇ? ಅವತ್ತು ಅರಿಶಿನದ ಅನ್ನವನ್ನು ಗೋಪುರದ ಹಾಗೆ ಒಟ್ಟಿ, ಅಕ್ಕಪಕ್ಕದವರನ್ನೆಲ್ಲ ಕರೆದು ಬಡಿಸಿದೆವು.

ಬಟ್ಟೆ ಒಗೆಯುವ ಅಂಗಡಿಯೂ ಅತ್ತೆಯದೇ ಯೋಚನೆ. ಕಿಲೋ ಲೆಕ್ಕ. ಇದು ಭಾನುವಾರ ರಾತ್ರಿ ತೆಗೆದ ದೃಶ್ಯ. ಹಗ್ಗದ ತುಂಬಾ ಖಾಕಿ ಅಂಗಿಗಳು, ಪ್ರತಿಯೊಂದರ ಕಾಲರಿಗೂ ಪಿನ್ನು ಚುಚ್ಚಿದ ಹೆಸರಿನ ಚೀಟಿ. ಅತ್ತೆ ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಜೇಬಿನ ಮೇಲಿನ ಬ್ಯಾಡ್ಜಿನ ಸುತ್ತ ಇಸ್ತ್ರಿ ಪೆಟ್ಟಿಗೆಯ ತುದಿ ಮಾತ್ರ ತಾಗಿಸುತ್ತಾರೆ, ದಾರ ಸುಡಬಾರದು ಅಂತ. ಅಂದ ಹಾಗೆ, ಇಲ್ಲಿ ‘ಇಸ್ತ್ರಿ’ ಅಂದರೆ ಹೆಂಡತಿ. ಬಟ್ಟೆಗೆ ಹಾಕೋದು ‘ಸೆತ್ರಿಕಾ’. ಮೊದಲ ತಿಂಗಳು ನಾನು ಎರಡೂ ಪದ ಬಳಸಿದಾಗಲೆಲ್ಲ ಅತ್ತೆ ನಗುತ್ತಿದ್ದರು.

ಈಗ ಗದ್ದೆಗೆ ಬಂದೆವು. ಇದರ ಕಥೆ ಹೇಳಲೇಬೇಕು, ನಿಮ್ಮ ದುಡ್ಡು ಉಳಿಯುತ್ತೆ. 2019ರಲ್ಲಿ ಒಬ್ಬ ದಲ್ಲಾಳಿ ಬಂದ. ಮಲಾಂಗ್‌ವರೆಗಿನ ಟೋಲ್ ರಸ್ತೆ ಆಗಷ್ಟೇ ತೆರೆಯುತ್ತಿತ್ತು. ಮುಂದೆ ಅದು ಕೆಪಂಜೆನ್‌ಗೆ ಬರುತ್ತೆ, ಬೆಲೆ ಮೂರು ಪಟ್ಟು ಆಗುತ್ತೆ ಅಂದ. ನಂಬಿ 1,400 ಚದರ ಮೀಟರ್ ತಗೊಂಡೆವು. ಸರ್ಟಿಫಿಕೇಟ್ ಸರಿಯಾಗಿತ್ತು, ಅದನ್ನು ಭೂ ಕಚೇರಿಯಲ್ಲಿ ಪರೀಕ್ಷೆ ಮಾಡಿಸಿದ್ದೆವು. ಎರಡು ವರ್ಷ ಬಿಟ್ಟು ಮನೆ ಕಟ್ಟೋಣ ಅಂತ ಅರ್ಜಿ ಹಾಕಿದಾಗ ಗೊತ್ತಾಯಿತು, ಸರ್ಕಾರದ ಭೂಬಳಕೆಯ ನಕ್ಷೆಯಲ್ಲಿ ಇದು ಹಸಿರು ಬಣ್ಣ. ಅಂದರೆ ಕಾಪಾಡಬೇಕಾದ ಬೇಸಾಯದ ಭೂಮಿ. ಇದಕ್ಕೆ 2009ರ ಕಾನೂನೇ ಇದೆ. ಇಲ್ಲಿ ಗೋಡೆ ಏಳುವ ಹಾಗಿಲ್ಲ.

ಸರ್ಟಿಫಿಕೇಟ್ ಯಾರದು ಜಮೀನು ಅಂತ ಹೇಳುತ್ತೆ, ಅದರಲ್ಲಿ ಏನು ಮಾಡಬಹುದು ಅನ್ನೋದನ್ನ ನಕ್ಷೆ ಹೇಳುತ್ತೆ. ಎರಡೂ ನೋಡಿ. ಹಳ್ಳಿಯಲ್ಲಿ ‘ಪೆತೋಕ್’ ಅನ್ನೋ ಹಳೇ ಕಾಗದ ತೋರಿಸಿದರೆ ಇನ್ನೂ ಹುಷಾರು. ಅದು ಕಂದಾಯದ ಕಾಗದ, ಹಕ್ಕುಪತ್ರ ಅಲ್ಲ.

ಬೇಜಾರು ತುಂಬಾ ದಿನ ಇತ್ತು. ಈಗಿಲ್ಲ. ನೀರು ನೋಡಿ, ಕಾಲುವೆಯಲ್ಲಿ ಹೇಗೆ ಹರಿಯುತ್ತಿದೆ. ಇಂಥ ಮಣ್ಣಿನ ಮೇಲೆ ಸಿಮೆಂಟ್ ಸುರಿಯಬಾರದು ಅಂತ ಮಂಡ್ಯದವನಿಗೆ ಬೇರೆ ಯಾರಾದರೂ ಹೇಳಬೇಕಾ? ಗದ್ದೆಯನ್ನು ಪಕ್ಕದ ರೈತರಿಗೆ ‘ಮರೋ’ ಕೊಟ್ಟಿದ್ದೇವೆ, ಅರ್ಧ ಅವರಿಗೆ, ಅರ್ಧ ನಮಗೆ. ನಮ್ಮ ಕಡೆ ವಾರಕ್ಕೆ ಕೊಡೋದು ಅಂತೀವಲ್ಲ, ಅದೇ. ಕಬ್ಬು ಹತ್ತಿರದ ಕಾರ್ಖಾನೆಗೆ ಹೋಗುತ್ತೆ. ಅರೆಯೋಕೆ ಶುರು ಮಾಡುವ ಮುಂಚೆ ಅಲ್ಲಿ ಕಬ್ಬಿಗೆ ಮದುವೆ ಮಾಡುತ್ತಾರೆ! ಎರಡು ಕಬ್ಬಿಗೆ ಗಂಡು ಹೆಣ್ಣಿನ ಹಾಗೆ ಅಲಂಕಾರ, ಮೆರವಣಿಗೆ, ಆಮೇಲೆ ಗಾಣಕ್ಕೆ. ಒಂದು ಕಾಲಕ್ಕೆ ಜಗತ್ತಿನ ಕಬ್ಬು ಬೆಳೆಗಾರರೆಲ್ಲ ಹುಡುಕಿಕೊಂಡು ಹೋದ ಪಿಓಜೆ 2878 ತಳಿ ಹುಟ್ಟಿದ್ದೂ ಇದೇ ಪೂರ್ವ ಜಾವಾದಲ್ಲಿ, ಪಸುರುವಾನ್‌ನ ಸಂಶೋಧನಾ ಕೇಂದ್ರದಲ್ಲಿ, 1920ರ ದಶಕದಲ್ಲಿ.

ವಾಪಸ್ ಬರುವ ದಾರಿ. ಅಲ್ಲಿ ಕಾಣುತ್ತಿರೋದು ಕಾಂಜುರುಹಾನ್ ಕ್ರೀಡಾಂಗಣ. 2022ರ ಅಕ್ಟೋಬರ್ 1ರ ರಾತ್ರಿ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಅಶ್ರುವಾಯು, ನೂಕುನುಗ್ಗಲು. 135 ಜನ ಸತ್ತರು. ನಮ್ಮ ಮೂರನೇ ರೂಮಿನಲ್ಲಿದ್ದ ಹುಡುಗಿ ನರ್ಸು. ಫೋನ್ ಬಂದ ತಕ್ಷಣ ಓಡಿದವಳು ಮಾರನೇ ದಿನ ಮಧ್ಯಾಹ್ನ ಬಂದಳು. ಅತ್ತೆ ಏನೂ ಕೇಳಲಿಲ್ಲ. ಅವಳ ಬಿಳಿ ಬಟ್ಟೆ ಇಸಿದುಕೊಂಡು ತಾವೇ ಕೈಯಲ್ಲಿ ಒಗೆದರು, ಮಿಷಿನ್‌ಗೆ ಹಾಕಲಿಲ್ಲ. ಆ ವಾರ ನಮ್ಮ ಬೀದಿಯಲ್ಲಿ ಒಂದು ಟಿವಿಯ ಸದ್ದೂ ಕೇಳಿಸಲಿಲ್ಲ.

ಈ ಬೀದಿಯ ಬಗ್ಗೆ ಹೇಳದಿದ್ದರೆ ಹೂಡಿಕೆಯ ಮಾತು ಅರ್ಧವೇ. ಬೀದಿಯ ಬಾಯಲ್ಲಿ ಬೋರ್ಡ್ ಇದೆ, ‘ಬಂದ ಅತಿಥಿಗಳು 24 ಗಂಟೆಯೊಳಗೆ ತಿಳಿಸಬೇಕು’. ತಿಳಿಸಬೇಕಾದ್ದು ‘ಪಾಕ್ ಎರ್‌ಟೆ’ಗೆ, ಬೀದಿಯ ಯಜಮಾನರು ಅನ್ನಿ. ಹೊಸ ಹುಡುಗಿ ರೂಮಿಗೆ ಬಂದರೆ ಗುರುತಿನ ಚೀಟಿ ತಗೊಂಡು ನಾನೇ ಅವರ ಮನೆಗೆ ಹೋಗುತ್ತೇನೆ. ‘ಮೊಂಗ್ಗೊ ಮಾಸ್, ಕೂತ್ಕೊಳ್ಳಿ’ ಅಂತಾರೆ. ಮಾಸ್ ಅಂದರೆ ಅಣ್ಣ. ಟೀ ಕುಡಿಯದೆ ಎದ್ದು ಬರೋ ಹಾಗಿಲ್ಲ. 2020ರಲ್ಲಿ ಐದು ರೂಮು ಖಾಲಿ ಬಿದ್ದಾಗ ಇಬ್ಬರು ಬಾಡಿಗೆದಾರರನ್ನು ಹುಡುಕಿ ಕಳಿಸಿದ್ದು ಇವರೇ. ಒಂದು ಪೈಸೆ ದಲ್ಲಾಳಿ ದುಡ್ಡು ಇಸಿದುಕೊಳ್ಳಲಿಲ್ಲ.

ರಾತ್ರಿ ಹತ್ತೂವರೆ. ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿರುವ ಈ ಪುಟ್ಟ ಡಬ್ಬಿ ನೋಡಿ. ಪ್ರತಿ ಮನೆಯ ಮುಂದೂ ಇದೆ. ಹಿಂದೆ ಇದಕ್ಕೆ ಒಂದು ಚಿಟಿಕೆ ಅಕ್ಕಿ ಹಾಕುತ್ತಿದ್ದರಂತೆ, ಈಗ 500 ರುಪಾಯದ ನಾಣ್ಯ. ‘ಜಿಂಪಿತಾನ್’ ಅಂತ ಇದರ ಹೆಸರು. ರಾತ್ರಿ ಗಸ್ತಿಗೆ ಬರೋರು ಮನೆ ಮನೆಯ ಡಬ್ಬಿ ಖಾಲಿ ಮಾಡಿಕೊಂಡು ಹೋಗುತ್ತಾರೆ. ಯಾರಿಗಾದರೂ ಹುಷಾರಿಲ್ಲ ಅಂದರೆ, ಬೀದಿ ದೀಪ ಕೆಟ್ಟರೆ ಆ ದುಡ್ಡೇ. ಗುರುವಾರ ಗಸ್ತು ನಂದು. ಮಗಳು ಮಲಗೋ ಮುಂಚೆ ಒಳಗಿನಿಂದ ಕೂಗುತ್ತಿದ್ದಾಳೆ, ‘ಅಪ್ಪಾ, ನಾಣ್ಯ ಹಾಕಿದ್ಯಾ?’

ಹಾಕಿದೆ ಕಂದಾ. ಅಗೋ, ಬಿದಿರಿನ ಸದ್ದು ಕೇಳಿಸುತ್ತಿದೆ, ನನ್ನನ್ನು ಕರೆಯುತ್ತಿದ್ದಾರೆ. ಟಾರ್ಚ್ ತಗೊಂಡು ಹೊರಟೆ.