ಎರಡನೆಯವಳು ಯಾವಾಗ ಬಂದಳು?

ಕೇಳುಗರಿಗೆಲ್ಲ ನಮಸ್ಕಾರ.

ಹೆಣ್ಣುಮಕ್ಕಳ ಓದು, ಕಲಿಕೆ, ಸಾಧನೆ ಅಂದ ಕೂಡಲೇ ನಾವೆಲ್ಲ ಒಂದು ಪಟ್ಟಿ ತೆಗೆಯುತ್ತೇವೆ. ಮೊದಲ ಪದವೀಧರೆ, ಮೊದಲ ಡಾಕ್ಟರ್, ಮೊದಲ ಪ್ರೊಫೆಸರ್. ಕೇಳೋಕೆ ಚೆನ್ನಾಗಿರುತ್ತದೆ, ಕ್ವಿಜ್‌ಗೂ ಉಪಯೋಗಕ್ಕೆ ಬರುತ್ತದೆ. ನನಗೆ ಮಾತ್ರ ಈ ಪಟ್ಟಿ ನೋಡಿದಾಗಲೆಲ್ಲ ಬೇರೆಯೇ ಒಂದು ಪ್ರಶ್ನೆ ಏಳುತ್ತದೆ. ಸರಿ, ಮೊದಲನೆಯವಳು ಬಂದಳು. ಎರಡನೆಯವಳು ಯಾವಾಗ ಬಂದಳು?

ಇಟಲಿಯ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಅವರನ್ನೇ ತೆಗೆದುಕೊಳ್ಳಿ. 1678ರಲ್ಲಿ ಪಾದುವಾ ವಿಶ್ವವಿದ್ಯಾಲಯ ಅವರಿಗೆ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಕೊಟ್ಟಿತು. ಅವರು ಕೇಳಿದ್ದು ಧರ್ಮಶಾಸ್ತ್ರದ ಪದವಿ, ಆದರೆ ಹೆಂಗಸಿಗೆ ಅದೆಲ್ಲ ಆಗದು ಅಂತ ಊರಿನ ಬಿಷಪ್ ಅಡ್ಡ ನಿಂತರು, ಕೊನೆಗೆ ತತ್ವಶಾಸ್ತ್ರಕ್ಕೆ ರಾಜಿಯಾಯಿತು. ಅಷ್ಟಾದರೂ ಸಿಕ್ಕಿತಲ್ಲ, ಇನ್ನು ಉಳಿದವರಿಗೂ ಬಾಗಿಲು ತೆರೆದಿರಬೇಕು ಅಂದುಕೊಳ್ಳುತ್ತೇವೆ. ಇಲ್ಲ. ಇಟಲಿಯಲ್ಲೇ ಲಾರಾ ಬಾಸಿ ಅವರಿಗೆ ಬೊಲೊನ್ಯಾದಲ್ಲಿ ಡಾಕ್ಟರೇಟ್ ಸಿಕ್ಕಿದ್ದು 1732ರಲ್ಲಿ, ಎಲೆನಾ ಪದವಿ ಪಡೆದು 54 ವರ್ಷ ಆದ ಮೇಲೆ. ಆ ಬಾಸಿಯವರಿಗೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋಕೆ ನೂರೆಂಟು ನಿರ್ಬಂಧ, ಹಾಗಾಗಿ ಹೆಚ್ಚಿನ ಪಾಠಗಳನ್ನು ಮನೆಯಲ್ಲೇ ನಡೆಸಿದರು. ಒಬ್ಬಳನ್ನು ಒಳಗೆ ಬಿಟ್ಟುಕೊಂಡು ಹೊಗಳೋದು ಸುಲಭ. ಅವಳ ಹಿಂದೆ ಹತ್ತು ಜನ ಬಂದು ನಿಂತಾಗಲೇ ನಿಜವಾದ ತಕರಾರು ಶುರುವಾಗೋದು.

ಇದನ್ನು ಇಂಗ್ಲೆಂಡಿನ ಸೋಫಿಯಾ ಜೆಕ್ಸ್-ಬ್ಲೇಕ್ ಬೇಗನೆ ಅರ್ಥ ಮಾಡಿಕೊಂಡರು ಅನಿಸುತ್ತದೆ. 1869ರಲ್ಲಿ ಅವರು ಮೆಡಿಕಲ್ ಓದಬೇಕು ಅಂತ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಒಬ್ಬ ಹೆಂಗಸಿಗಾಗಿ ಇಷ್ಟೆಲ್ಲ ಏರ್ಪಾಡು ಮಾಡೋಕಾಗಲ್ಲ ಅನ್ನುವ ಉತ್ತರ ಬಂತು. ಒಬ್ಬಳು ತಾನೇ ನಿಮ್ಮ ಸಮಸ್ಯೆ? ಅವರು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ ಜೊತೆಗಾರರನ್ನು ಹುಡುಕಿದರು, ಕೊನೆಗೆ ಏಳು ಜನ ಸೇರಿದರು. ನನಗೆ ಈ ಜಾಹೀರಾತು ತುಂಬಾ ಇಷ್ಟ!

ಪ್ರವೇಶ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಏಳು ಜನರಲ್ಲಿ ಒಬ್ಬರಾದ ಎಡಿತ್ ಪೀಚಿ ಕೆಮಿಸ್ಟ್ರಿಯಲ್ಲಿ ಮೊದಲ ಸ್ಥಾನಕ್ಕೆ ಬಂದರು, ಅದಕ್ಕೆ ಸಿಗಬೇಕಾದ ಸ್ಕಾಲರ್‌ಶಿಪ್ ಅವರಿಗಿಂತ ಕಡಿಮೆ ಅಂಕ ಪಡೆದ ಹುಡುಗನಿಗೆ ಹೋಯಿತು. 1870ರ ನವೆಂಬರಿನಲ್ಲಿ ಇವರು ಅಂಗರಚನೆಯ ಪರೀಕ್ಷೆ ಬರೆಯೋಕೆ ಹೋದರೆ, ನೂರಾರು ಜನ ದಾರಿಗೆ ಅಡ್ಡ ನಿಂತು ಕೆಸರು ಎರಚಿದರು. ಪರೀಕ್ಷೆ ನಡೆಯುವ ಕೋಣೆಗೆ ಒಂದು ಕುರಿಯನ್ನೂ ನುಗ್ಗಿಸಿದರಂತೆ. ಓದಿದವರ ಮಕ್ಕಳು ಮಾಡಿದ ಕೆಲಸ ನೋಡಿ ಇದು. ಕೊನೆಗೆ 1873ರಲ್ಲಿ ಕೋರ್ಟಿನಲ್ಲೂ ಸೋತರು, ಆ ಏಳು ಜನರಲ್ಲಿ ಯಾರಿಗೂ ಎಡಿನ್‌ಬರೋ ಪದವಿ ಕೊಡಲಿಲ್ಲ. ಹಾಗಂತ ಅವರು ಸುಮ್ನೆ ಕೂರಲಿಲ್ಲ. ಜೆಕ್ಸ್-ಬ್ಲೇಕ್ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಪದವಿ ಪಡೆದರು. ಅದಕ್ಕೂ ಮೊದಲೇ, 1874ರಲ್ಲಿ, ಲಂಡನ್ನಿನಲ್ಲಿ ಹೆಂಗಸರಿಗಾಗಿಯೇ ಒಂದು ಮೆಡಿಕಲ್ ಸ್ಕೂಲ್ ಕಟ್ಟಿದ್ದರು. ಎಡಿತ್ ಪೀಚಿ ಮುಂದೆ ಮುಂಬೈಗೆ ಬಂದು ಕಾಮಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು, ಅಂದರೆ ಎಡಿನ್‌ಬರೋ ಬೇಡ ಅಂದಿದ್ದು ನಮ್ಮ ಪಾಲಿಗೆ ಬಂತು. ಆ ಏಳು ಜನರ ಹೆಸರಿನಲ್ಲಿ ಗೌರವ ಪದವಿ ಪ್ರದಾನವಾಗಿದ್ದು 2019ರಲ್ಲಿ. ಅವರ ಪರವಾಗಿ ಅದನ್ನು ತೆಗೆದುಕೊಂಡವರು ಅಲ್ಲೇ ಆಗ ಮೆಡಿಕಲ್ ಓದುತ್ತಿದ್ದ ಹುಡುಗಿಯರು.

ಕೇಂಬ್ರಿಡ್ಜ್ ಕತೆಯೂ ಹೀಗೇ. ಅಲ್ಲಿ 1890ರಲ್ಲಿ ಫಿಲಿಪ್ಪಾ ಫಾಸೆಟ್ ಗಣಿತದಲ್ಲಿ ಎಲ್ಲ ಗಂಡಸರಿಗಿಂತ ಜಾಸ್ತಿ ಅಂಕ ತೆಗೆದರು. ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ತಿ ಪದವಿ ಕೊಡೋಕೆ ಶುರು ಮಾಡಿದ್ದು 1948ರಲ್ಲಿ!

ಯುರೋಪಿನ ಕತೆ ಸಾಕು. ನಾನು ನಿಜವಾಗಿ ಹೇಳಬೇಕೆಂದಿದ್ದು ನಾನಾ ಅಸ್ಮಾವು ಅವರ ಬಗ್ಗೆ. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಈಗಿನ ಉತ್ತರ ನೈಜೀರಿಯಾದ ಸೊಕೊಟೊದಲ್ಲಿ 1793ರಿಂದ 1864ರವರೆಗೆ ಬದುಕಿದ್ದ ಕವಿ, ವಿದ್ವಾಂಸೆ. ಅರಬ್ಬಿ, ಫುಲಾನಿ, ಹೌಸಾ, ಮೂರು ಭಾಷೆಗಳಲ್ಲೂ ಪದ್ಯ ಬರೆದವರು. ತಾನೊಬ್ಬಳು ಓದಿ ದೊಡ್ಡವಳಾದೆ ಅಂತ ಅವರು ಅಲ್ಲಿಗೇ ನಿಲ್ಲಲಿಲ್ಲ. ಹಳ್ಳಿಯ ಹೆಂಗಸರು ಮನೆ ಬಿಟ್ಟು ಬರೋ ಹಾಗಿರಲಿಲ್ಲ, ಅದಕ್ಕೆ ಪಾಠವೇ ಅವರ ಮನೆಗೆ ಹೋಗುವ ಹಾಗೆ ಮಾಡಿದರು. ತಿರುಗಾಡೋಕೆ ಅಡ್ಡಿಯಿಲ್ಲದ, ಸ್ವಲ್ಪ ವಯಸ್ಸಾದ ಹೆಂಗಸರನ್ನು ಆರಿಸಿ ಕಲಿಸಿದರು. ಇವರಿಗೆ ಜಾಜಿ ಅಂತ ಹೆಸರು. ಹುಲ್ಲಿನ ಟೊಪ್ಪಿಗೆ ಇವರ ಗುರುತು. ಅಸ್ಮಾವು ಕಟ್ಟಿದ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹಳ್ಳಿಗೆ ಹೋಗಿ, ಅಲ್ಲಿ ಹೇಳಿಕೊಟ್ಟು, ಮತ್ತೆ ಬಂದು ಹೊಸ ಪಾಠ ಕಲಿಯುತ್ತಿದ್ದರು. ಕಟ್ಟಡ ಬೇಡ, ಪುಸ್ತಕವೂ ಬೇಡ, ಅಲ್ವಾ? ಇಲ್ಲಿ ಎರಡನೆಯವಳಿಗಾಗಿ ಯಾರೂ ಕಾಯಬೇಕಾಗಿರಲಿಲ್ಲ. ಅಸ್ಮಾವು ಕಾಲವಾದ ಮೇಲೂ ಈ ಪಾಠ ನಿಲ್ಲಲಿಲ್ಲ.

ಸಾವಿತ್ರಿಬಾಯಿ ಫುಲೆ ಅವರ ಕತೆ ನಿಮಗೆ ಗೊತ್ತೇ ಇದೆ. 1848, ಪುಣೆ, ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಎರಚಿದ ಸಗಣಿ. ಆದರೆ ಅವರ ಜೊತೆ ನಿಂತು ಪಾಠ ಹೇಳಿದ ಫಾತಿಮಾ ಶೇಖ್ ಹೆಸರನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೀರಿ? ಜಪಾನಿನ ತ್ಸುದಾ ಉಮೆಕೊ ಕೂಡ ಇದೇ ಸಾಲಿನವರು. 1871ರಲ್ಲಿ, ಇನ್ನೂ ಆರು ವರ್ಷದ ಮಗು ಆಗಿದ್ದಾಗ, ಓದಲು ಅಮೆರಿಕಕ್ಕೆ ಹಡಗು ಹತ್ತಿದವರು. ದೊಡ್ಡವರಾದ ಮೇಲೆ ಬೇರೆ ಜಪಾನಿ ಹುಡುಗಿಯರೂ ಅಮೆರಿಕಕ್ಕೆ ಬಂದು ಓದಲಿ ಅಂತ ಹಣ ಕೂಡಿಸಿ ಸ್ಕಾಲರ್‌ಶಿಪ್ ಏರ್ಪಡಿಸಿದರು, 1900ರಲ್ಲಿ ಟೋಕಿಯೊದಲ್ಲಿ ಶಾಲೆ ತೆರೆದರು. ಈಗ ಅಲ್ಲಿನ 5000 ಯೆನ್ ನೋಟಿನ ಮೇಲೆ ಅವರ ಚಿತ್ರವಿದೆ.

ಇದೆಲ್ಲ ಹಳೇ ಕತೆ ಅಂದುಕೊಳ್ಳಬೇಡಿ. ಅಫ್ಘಾನಿಸ್ತಾನದಲ್ಲಿ ಮಹಿಳಾ ಡಾಕ್ಟರ್, ವಕೀಲರು, ನ್ಯಾಯಾಧೀಶರು ಎಲ್ಲ ಇದ್ದರು. 2021ರಿಂದ ಆರನೇ ತರಗತಿ ದಾಟಿದ ಹುಡುಗಿಯರಿಗೆ ಅಲ್ಲಿ ಶಾಲೆ ಇಲ್ಲ, 2022ರ ಡಿಸೆಂಬರಿನಿಂದ ವಿಶ್ವವಿದ್ಯಾಲಯವೂ ಇಲ್ಲ. 2024ರ ಕೊನೆಗೆ ನರ್ಸ್, ಸೂಲಗಿತ್ತಿ ತರಬೇತಿಗೂ ತಡೆ ಬಿತ್ತು. ಈಗ ಕೆಲಸ ಮಾಡುತ್ತಿರುವ ದಾದಿಯರು ಇನ್ನೆಷ್ಟು ವರ್ಷ ಮಾಡಿಯಾರು? ಅವರು ನಿವೃತ್ತರಾದ ಮೇಲೆ ಅಲ್ಲಿ ಹೆರಿಗೆ ಮಾಡಿಸುವವರು ಯಾರು?

ನಮಸ್ಕಾರ.