ಕೆಲಸದಿಂದ ತೆಗೆಯುವ ಕಾನೂನು: ಇಲ್ಲಿ ಮತ್ತು ಬ್ರಿಟನ್ನಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರುಗಳ ಕಾರ್ಖಾನೆಗಳಲ್ಲಿ ದುಡಿಯುವವರನ್ನೂ ಅವರ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಾನು ಹೇಳಬೇಕಾದುದು ಒಂದೇ: ಸೇರಿದ ದಿನಾಂಕವನ್ನೂ ದುಡಿದ ದಿನಗಳನ್ನೂ ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು.

ಒಂದು ವರ್ಷ ಸತತವಾಗಿ ದುಡಿದವರನ್ನು ಸಿಬ್ಬಂದಿ ಕಡಿತದ ಹೆಸರಿನಲ್ಲಿ ತೆಗೆಯುವುದಾದರೆ ಒಂದು ತಿಂಗಳ ನೋಟಿಸನ್ನಾಗಲಿ ಅದರ ಬದಲಿಗೆ ಸಂಬಳವನ್ನಾಗಲಿ ಕೊಡಬೇಕು, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳದಂತೆ ಪರಿಹಾರವನ್ನೂ ನೀಡಬೇಕು ಎಂಬ ನಿಯಮವು 1953ರಲ್ಲಿಯೇ ನಮ್ಮ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿತು. ಬ್ರಿಟನ್ನಿನ ಕಾರ್ಮಿಕರಿಗೆ ಇಂಥ ಪರಿಹಾರ ಕಾನೂನಿನಿಂದ ದೊರೆತದ್ದು 1965ರಲ್ಲಿ. ಕೆ.ಜಿ.ಎಫ್. ಗಣಿಗಳನ್ನು 1956ರವರೆಗೂ ಬ್ರಿಟನ್ನಿನ ಜಾನ್ ಟೇಲರ್ ಕಂಪನಿಯೇ ನಡೆಸುತ್ತಿತ್ತೆಂಬುದನ್ನು ನೆನೆದರೆ, ಗಣಿ ನಡೆಸುತ್ತಿದ್ದವರ ನಾಡಿಗಿಂತ ಮೊದಲು ಈ ಹಕ್ಕು ನಮ್ಮ ಜಿಲ್ಲೆಯ ಗಣಿ ಕಾರ್ಮಿಕರದಾಯಿತೆಂದು ನನಗೆ ಹೆಮ್ಮೆಯೆನಿಸುತ್ತದೆ.

ಆಮೇಲೆ ದಾರಿಗಳು ಕವಲೊಡೆದವು. ನಮ್ಮಲ್ಲಿ ಕಾರ್ಮಿಕರ ಸಂಖ್ಯೆ ಮುಖ್ಯವಾಯಿತು. 300 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಸರ್ಕಾರದ ಅನುಮತಿಯಿಲ್ಲದೆ ಸಿಬ್ಬಂದಿ ಕಡಿತ ಮಾಡಬಾರದೆಂದು 1976ರಲ್ಲಿ ವಿಧಿಸಿ, 1980ರ ದಶಕದಲ್ಲಿ ಆ ಮಿತಿಯನ್ನು 100ಕ್ಕೆ ಇಳಿಸಿ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮತ್ತೆ 300ಕ್ಕೆ ಏರಿಸಲಾಯಿತು. ಬ್ರಿಟನ್ನಿನಲ್ಲಿ ಸೇವೆಯ ಅವಧಿ ಮುಖ್ಯವಾಯಿತು. ಅನ್ಯಾಯದ ವಜಾ ವಿರುದ್ಧ ದೂರು ಕೊಡುವ ಹಕ್ಕನ್ನು 1971ರ ಕಾಯ್ದೆ ತಂದಿತು. ಆ ಹಕ್ಕಿಗೆ ಬೇಕಾದ ಸೇವೆ 1975ರಲ್ಲಿ ಆರು ತಿಂಗಳು, 1979ರಲ್ಲಿ ಒಂದು ವರ್ಷ, 1985ರಲ್ಲಿ ಎರಡು ವರ್ಷ, 1999ರಲ್ಲಿ ಪುನಃ ಒಂದು, 2012ರಲ್ಲಿ ಪುನಃ ಎರಡು. ಎಲ್ಲಿಯೇ ಆಗಲಿ, ಸೇವೆಯನ್ನು ತೋರಿಸಲು ಕಾಗದ ಬೇಕು.

ಮಾಲೂರಿನ ಕಡೆಯ ಕಾರ್ಮಿಕರೊಬ್ಬರು ನನ್ನ ಬಳಿಗೆ ಬಂದಿದ್ದರು. ಒಂದು ಸೋಮವಾರ ಬೆಳಗಿನ ಪಾಳಿಗೆ ಹೋದಾಗ ಗೇಟಿನಲ್ಲಿಯೇ ತಡೆದು, ನಾಳೆಯಿಂದ ಬರುವುದು ಬೇಡವೆಂದರಂತೆ. ನೇಮಕಾತಿ ಪತ್ರವಿರಲಿಲ್ಲ, ಹಾಜರಿ ಪುಸ್ತಕ ಮಾಲೀಕರ ಬಳಿಯಿತ್ತು. ಅವರು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದವರೆಂದು ಕಾರ್ಮಿಕ ನ್ಯಾಯಾಲಯದಲ್ಲಿ ಆಡಳಿತ ವರ್ಗ ವಾದಿಸಿತು. ವರ್ಷಗಟ್ಟಲೆ ದುಡಿದೆನೆಂದು ಅವರು ಎಷ್ಟು ಹೇಳಿದರೂ ಸಾಲದು. ಒಂದು ವರ್ಷದ ಸತತ ಸೇವೆಯೆನಿಸಲು ಹನ್ನೆರಡು ತಿಂಗಳಲ್ಲಿ 240 ದಿನ ದುಡಿದುದನ್ನು ಕಾರ್ಮಿಕರೇ ರುಜುವಾತುಪಡಿಸಬೇಕು, ತಾವೇ ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್ಟೊಂದೇ ಸಾಲದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ, ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ ಹೇಳಿದೆ. ಅವರ ಹೆಂಡತಿ ಮನೆಯ ಟ್ರಂಕಿನ ತಳದಲ್ಲಿ ತಿಂಗಳು ತಿಂಗಳಿನ ಸಂಬಳದ ಚೀಟಿಗಳನ್ನು ದಾರ ಕಟ್ಟಿ ಇಟ್ಟಿದ್ದರು. ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚೀಟಿಗಳನ್ನು ಹಾಜರುಪಡಿಸಿದ ಮೇಲೆ ಎದುರು ವಕೀಲರ ವಾದ ನಿಲ್ಲಲಿಲ್ಲ, ಪರಿಹಾರ ದೊರೆಯಿತು. ಓದಿದ ಯುವಕರೇ ಇಂದು ಸಂಬಳದ ಚೀಟಿಯನ್ನು ಅಲ್ಲಿಯೇ ಹರಿದು ಬಿಸಾಡುವುದನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಸಮಯ ಕಡಿಮೆಯಿದೆ. ಕೆಲಸದ ಷರತ್ತುಗಳನ್ನು ಬರೆದು ಕೊಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1963ರ ಕಾಯ್ದೆಯಿಂದಲೇ ಇದೆ. 2020ರ ಏಪ್ರಿಲ್‌ನಿಂದ ಅದನ್ನು ಮೊದಲ ದಿನವೇ ಕೊಡಬೇಕು. ಪ್ರತಿಯೊಬ್ಬ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಬೇಕೆಂದು ನಮ್ಮ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಹೇಳುತ್ತದೆ. ಗುತ್ತಿಗೆದಾರರ ಕೈಕೆಳಗೆ ಇರುವವರೂ ಅದನ್ನು ಕೇಳಿ ಪಡೆಯಿರಿ, ಪಿ.ಎಫ್. ಮತ್ತು ಇ.ಎಸ್.ಐ. ದಾಖಲೆಗಳಲ್ಲಿ ನಿಮ್ಮ ಹೆಸರೂ ಸೇರಿದ ದಿನಾಂಕವೂ ಸರಿಯಾಗಿವೆಯೇ ಎಂದು ಈ ವಾರವೇ ನೋಡಿಕೊಳ್ಳಿ. ನಮಸ್ಕಾರ.